ಓಡಿಬಂದವರಿಗೆ ಬಾಗಿಲು ತೆರೆದವರು: ಅಮೆರಿಕದ ಸ್ವತಂತ್ರ ಕಪ್ಪು ಜನರ ಕೇರಿಗಳು

ಪ್ರಶ್ನೆ: ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡವರನ್ನು ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಎಂಬ ಗುಪ್ತ ಜಾಲ ಉತ್ತರದ ರಾಜ್ಯಗಳಿಗೆ ಮುಟ್ಟಿಸುತ್ತಿತ್ತು, ಕ್ವೇಕರ್ ಪಂಥದ ದಯಾವಂತ ಬಿಳಿಯರು ಅವರನ್ನು ನೆಲಮಾಳಿಗೆಗಳಲ್ಲಿ ಅಡಗಿಸಿಟ್ಟು ಕಾಪಾಡಿದರು ಎಂದು ಓದಿದ್ದೇನೆ. ಆ ಹೊತ್ತಿಗಾಗಲೇ ಸ್ವತಂತ್ರರಾಗಿದ್ದ ಕಪ್ಪು ಜನರೂ ಅಲ್ಲಿದ್ದರಷ್ಟೆ? ಈ ಕೆಲಸದಲ್ಲಿ ಅವರ ಪಾಲೆಷ್ಟು? ಹಾಗೆ ನೆರವಾಗುವುದರಿಂದ ಅವರಿಗೆ ಅಪಾಯವಿರಲಿಲ್ಲವೇ?

ಉತ್ತರ: ನಿಮ್ಮ ಅನುಮಾನಕ್ಕೆ ಗಟ್ಟಿಯಾದ ಆಧಾರವಿದೆ. ಓಡಿಬಂದವರಿಗೆ ಮೊದಲು ಬಾಗಿಲು ತೆರೆದವರು, ಊಟ ಹಾಕಿದವರು, ಕತ್ತಲಲ್ಲಿ ಮುಂದಿನ ಊರಿನ ತನಕ ಜೊತೆಗೆ ನಡೆದವರು ಬಹುಮಟ್ಟಿಗೆ ಸ್ವತಂತ್ರ ಕಪ್ಪು ಜನರೇ. ಕ್ವೇಕರರ ಪಾಲು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಎಲ್ಲೋ ಒಂದೊಂದು ಬಿಳಿಯ ಕುಟುಂಬ ತನ್ನ ಧರ್ಮಬುದ್ಧಿಗೆ ಓಗೊಟ್ಟು ಮಾಡಿದ ಉಪಕಾರಕ್ಕೂ, ಒಂದು ಕೇರಿಗೆ ಕೇರಿಯೇ ತನ್ನ ಚರ್ಚು, ಕ್ಷೌರದಂಗಡಿ, ಊಟದ ಮನೆ, ಹಡಗುಕಟ್ಟೆಗಳ ದಿನನಿತ್ಯದ ಬದುಕಿನೊಳಗೇ ನಡೆಸಿಕೊಂಡು ಬಂದ ಕೆಲಸಕ್ಕೂ ಇರುವ ಅಂತರವನ್ನು ಗಮನಿಸಬೇಕು. ಮೇರಿಲ್ಯಾಂಡಿನ ಹೊಲವೊಂದರಿಂದ ರಾತ್ರೋರಾತ್ರಿ ಹೊರಟ ಹೆಣ್ಣುಮಗಳೊಬ್ಬಳು ಕಾಡುಹಾದಿ ಹಿಡಿದು ಗುರುತಿಲ್ಲದ ಪಟ್ಟಣವೊಂದನ್ನು ಮುಟ್ಟಿದಳೆನ್ನಿ. ಅವಳು ಯಾರ ಬಾಗಿಲು ತಟ್ಟುತ್ತಾಳೆ? ಬಿಳಿಯರಲ್ಲಿ ಒಳ್ಳೆಯವರು ಯಾರು, ಬಹುಮಾನದ ಆಸೆಗೆ ಹಿಡಿದುಕೊಡುವವರು ಯಾರು ಎಂಬುದು ಅವಳಿಗೆ ತಿಳಿಯುವ ಬಗೆಯೇ ಇರಲಿಲ್ಲ. ತನ್ನ ಬಣ್ಣದವರು ಎಲ್ಲಿದ್ದಾರೆಂದು ನೋಡಿ ಅತ್ತ ನಡೆಯುವುದು ಅವಳಿಗಿದ್ದ ಸಹಜವಾದ ದಾರಿ.

ಹಾಗಿದ್ದರೂ ಬಿಳಿಯರ ಚಿತ್ರವೇ ಏಕೆ ಉಳಿಯಿತು ಎಂದರೆ, ಅಂತರ್ಯುದ್ಧ ಮುಗಿದ ಮೇಲೆ ನೆನಪುಗಳನ್ನು ಬರೆದು ಅಚ್ಚು ಹಾಕಿಸಲು ಬಿಡುವು, ಹಣ, ಪ್ರಕಾಶಕರ ಪರಿಚಯ ಮೂರೂ ಇದ್ದವರು ಹೆಚ್ಚಾಗಿ ಅವರೇ. ಓಹಾಯೊದ ಇತಿಹಾಸಕಾರ ವಿಲ್ಬರ್ ಸೀಬರ್ಟ್ 1898ರಲ್ಲಿ ಇಂಥ ಸಹಾಯಕರ ಹೆಸರುಗಳನ್ನು ಕಲೆಹಾಕಿ ಪ್ರಕಟಿಸಿದಾಗ ಪಟ್ಟಿ 3,000 ದಾಟಿತ್ತು, ಅದರಲ್ಲಿ ಬಹುಪಾಲು ಬಿಳಿಯರವು. ಆತ ದುರುದ್ದೇಶದಿಂದ ಹಾಗೆ ಮಾಡಲಿಲ್ಲ. ಪತ್ರ ಬರೆದು ಕೇಳಿದಾಗ ಉತ್ತರ ಬರೆದವರು ಯಾರೋ ಅವರ ಮನೆಗಳೇ ನಕ್ಷೆಯಲ್ಲಿ ಗುರುತಾದವು. ಬಟ್ಟೆ ಒಗೆಯುತ್ತಿದ್ದವಳ, ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನ ಮನೆ ಆ ನಕ್ಷೆಗೆ ಬರುವುದು ಸುಲಭವಿರಲಿಲ್ಲ.

ಮೊದಲು ಈ ಸ್ವತಂತ್ರರು ಯಾರೆಂದು ನೋಡೋಣ. 1860ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 39,53,760 ಗುಲಾಮರಿದ್ದರು. ಸ್ವತಂತ್ರ ಕಪ್ಪು ಜನರ ಸಂಖ್ಯೆ 4,88,070. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದ್ದದ್ದು ಉತ್ತರದಲ್ಲಲ್ಲ, ಗುಲಾಮಗಿರಿ ಕಾನೂನುಬದ್ಧವಾಗಿದ್ದ ರಾಜ್ಯಗಳಲ್ಲೇ ಎಂಬುದನ್ನು ಓದುಗರು ಸಾಮಾನ್ಯವಾಗಿ ಊಹಿಸುವುದಿಲ್ಲ. ಮೇರಿಲ್ಯಾಂಡ್ ಒಂದರಲ್ಲೇ 83,942 ಸ್ವತಂತ್ರರೂ 87,189 ಗುಲಾಮರೂ ಒಂದೇ ಊರು, ಒಂದೇ ಚರ್ಚು, ಕೆಲವೊಮ್ಮೆ ಒಂದೇ ಸೂರಿನಡಿ ಬಾಳುತ್ತಿದ್ದರು; ಗಂಡ ಸ್ವತಂತ್ರ, ಹೆಂಡತಿ ಪರರ ಸ್ವತ್ತು ಎಂಬಂಥ ಸಂಸಾರಗಳು ಅಲ್ಲಿ ಅಪರೂಪವಾಗಿರಲಿಲ್ಲ. ಕೆಲವರು ಒಡೆಯನ ಮರಣಶಾಸನದಿಂದ ಬಿಡುಗಡೆ ಪಡೆದಿದ್ದರು, ಕೆಲವರು ರಾತ್ರಿ ಹೊತ್ತು ಹೆಚ್ಚುವರಿ ದುಡಿದು ತಮ್ಮ ಬೆಲೆಯನ್ನು ತಾವೇ ತೆತ್ತಿದ್ದರು, ಇನ್ನು ಕೆಲವರು ಸ್ವತಂತ್ರ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದ್ದರು. ಉತ್ತರದಲ್ಲಿ ಪೆನ್ಸಿಲ್ವೇನಿಯಾ 1780ರಲ್ಲಿ ಹಂತಹಂತವಾಗಿ ಗುಲಾಮಗಿರಿಯನ್ನು ತೊಲಗಿಸುವ ಕಾನೂನು ತಂದಿತು. ನ್ಯೂಯಾರ್ಕಿನಲ್ಲಿ ಅದು ಪೂರ್ತಿ ಕೊನೆಗೊಂಡದ್ದು 1827ರ ಜುಲೈ 4ರಂದು.

ಆದರೆ ಈ ಸ್ವಾತಂತ್ರ್ಯ ಕಾಗದದ ಮೇಲೆ ನಿಂತಿತ್ತು. ಬಿಡುಗಡೆ ಪತ್ರ ಕಳೆದುಹೋದರೆ ಮನುಷ್ಯನೇ ಕಳೆದುಹೋಗುವ ಸ್ಥಿತಿ. ಗುಲಾಮಗಿರಿಯೇ ಇಲ್ಲದ ಓಹಾಯೊ ರಾಜ್ಯ ಕೂಡ 1807ರಿಂದ ತನ್ನಲ್ಲಿ ನೆಲೆಸಲು ಬರುವ ಕಪ್ಪು ವ್ಯಕ್ತಿ 500 ಡಾಲರ್ ಜಾಮೀನು ಒದಗಿಸಬೇಕೆಂದು ಕಾನೂನು ಮಾಡಿತ್ತು. ಉತ್ತರದ ಬೀದಿಗಳಿಂದ ಸ್ವತಂತ್ರ ಮಕ್ಕಳನ್ನೂ ದೊಡ್ಡವರನ್ನೂ ಕದ್ದೊಯ್ದು ದಕ್ಷಿಣದಲ್ಲಿ ಮಾರುವ ಗುಂಪುಗಳು ಇದ್ದವು. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರನಾಗಿ ಹುಟ್ಟಿದ ಪಿಟೀಲುವಾದಕ ಸಾಲಮನ್ ನಾರ್ಥಪ್ 1841ರಲ್ಲಿ ಹೀಗೆ ಅಪಹರಣಕ್ಕೊಳಗಾಗಿ 12 ವರ್ಷ ಲೂಯಿಸಿಯಾನದಲ್ಲಿ ಗುಲಾಮನಾಗಿ ದುಡಿಯಬೇಕಾಯಿತು. ಹಾಗಾಗಿ ಓಡಿಬಂದವರನ್ನು ಕಾಪಾಡುವ ಏರ್ಪಾಡು, ತಮ್ಮ ಮಕ್ಕಳನ್ನು ಕಾಪಾಡಿಕೊಳ್ಳುವ ಏರ್ಪಾಡು ಎರಡೂ ಒಂದೇ ಆಗಿದ್ದವು. ಇದನ್ನು ಪರೋಪಕಾರವೆಂದು ಕರೆದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ.

ಈ ಏರ್ಪಾಡು ಎಷ್ಟು ಕ್ರಮಬದ್ಧವಾಗಿತ್ತೆಂದು ತಿಳಿಯಲು ಫಿಲಡೆಲ್ಫಿಯಾವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 1860ರಲ್ಲಿ ಆ ನಗರದಲ್ಲಿ 22,000ಕ್ಕೂ ಹೆಚ್ಚು ಕಪ್ಪು ಜನರಿದ್ದರು. ರಿಚರ್ಡ್ ಆಲೆನ್ 1794ರಲ್ಲಿ ಕಟ್ಟಿದ ಮದರ್ ಬೆತೆಲ್ ಚರ್ಚು ಅವರ ಪ್ರಾರ್ಥನೆಯ ಜಾಗವೂ ಹೌದು, ಸಭೆ ಸೇರಿ ಚಂದಾ ಎತ್ತುವ ಜಾಗವೂ ಹೌದು. ಓಡಿಬಂದವರಿಗೆ ನೆರವಾಗಲೆಂದೇ 1837ರಲ್ಲಿ ರಾಬರ್ಟ್ ಪರ್ವಿಸ್ ಮತ್ತು ಸಂಗಡಿಗರು ಜಾಗೃತ ಸಮಿತಿಯೊಂದನ್ನು ಸ್ಥಾಪಿಸಿದರು. ನ್ಯೂಯಾರ್ಕಿನಲ್ಲಿ ಡೇವಿಡ್ ರಗಲ್ಸ್ ಅದಕ್ಕೂ ಎರಡು ವರ್ಷ ಮೊದಲೇ ಇಂಥದ್ದನ್ನು ಶುರುಮಾಡಿದ್ದ. ಫಿಲಡೆಲ್ಫಿಯಾದ ಸಮಿತಿ ನಡುವೆ ಸೊರಗಿ 1852ರಲ್ಲಿ ಮತ್ತೆ ಚಿಗುರಿದಾಗ ಅದರ ಕಾರ್ಯಭಾರ ಹೊತ್ತವನು ವಿಲಿಯಂ ಸ್ಟಿಲ್. 1821ರಲ್ಲಿ ನ್ಯೂಜೆರ್ಸಿಯಲ್ಲಿ ಸ್ವತಂತ್ರನಾಗಿ ಹುಟ್ಟಿದ ಈತ ಹದಿನೆಂಟು ಮಕ್ಕಳಲ್ಲಿ ಕೊನೆಯವನು, ಅಕ್ಷರವನ್ನು ಹೆಚ್ಚುಮಟ್ಟಿಗೆ ತಾನೇ ಕಲಿತವನು. 1847ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಕಚೇರಿಗೆ ಗುಮಾಸ್ತನಾಗಿ ಸೇರಿದ್ದ.

ಸ್ಟಿಲ್‌ನ ಕಚೇರಿಗೆ 1850ರ ಆಗಸ್ಟಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ವ್ಯಕ್ತಿ ಬಂದ. ಅಲಬಾಮಾದಲ್ಲಿ ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡು ಬಂದವನು. ನಲವತ್ತು ವರ್ಷಗಳ ಹಿಂದೆ, ಸಣ್ಣ ಹುಡುಗನಾಗಿದ್ದಾಗ ಅಗಲಿದ ತಂದೆತಾಯಿಯನ್ನು ಹುಡುಕುತ್ತಿದ್ದೇನೆ ಎಂದ. ಹೆಸರು ಕೇಳಿದ್ದಕ್ಕೆ ತಂದೆ ಲೆವಿನ್, ತಾಯಿ ಸಿಡ್ನಿ ಎಂದ. ಸ್ಟಿಲ್ ಬರೆಯುತ್ತಿದ್ದ ಕೈಯನ್ನು ತಡೆದು ಆ ಮುಖವನ್ನೇ ನೋಡುತ್ತ ಕುಳಿತಿರಬೇಕು, ಏಕೆಂದರೆ ಅವು ಅವನ ಸ್ವಂತ ತಂದೆತಾಯಿಯ ಹೆಸರುಗಳು. ತಾಯಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಳ್ಳುವಾಗ ನಾಲ್ಕು ಮಕ್ಕಳನ್ನೂ ಹೊತ್ತೊಯ್ಯಲಾರದೆ ಎರಡು ಗಂಡುಮಕ್ಕಳನ್ನು ಬಿಟ್ಟುಹೋಗಿದ್ದಳು. ಅವರಲ್ಲೊಬ್ಬ ಪೀಟರ್, ಈಗ ಎದುರಿಗೆ ನಿಂತಿದ್ದವನು. ಈ ಘಟನೆಯ ನಂತರ ಸ್ಟಿಲ್ ತನ್ನ ಬಳಿ ಬಂದವರೊಬ್ಬೊಬ್ಬರ ಹೆಸರು, ಬದಲಿಸಿಕೊಂಡ ಹೆಸರು, ವಯಸ್ಸು, ಎತ್ತರ, ಒಡೆಯ ಯಾರು, ಹಿಂದೆ ಯಾರನ್ನು ಬಿಟ್ಟುಬಂದರು ಎಂಬುದನ್ನೆಲ್ಲ ಬರೆದಿಡತೊಡಗಿದ. ಮುಂದೆ ಎಂದಾದರೂ ಅಣ್ಣ ತಮ್ಮನನ್ನು, ತಾಯಿ ಮಗಳನ್ನು ಹುಡುಕಿಕೊಂಡು ಬಂದರೆ ಬೇಕಾಗುತ್ತದೆ ಎಂಬುದೇ ಅವನ ಉದ್ದೇಶ. ಸಿಕ್ಕಿಬಿದ್ದರೆ ಆ ಹೊತ್ತಗೆಯೇ ಅವನ ವಿರುದ್ಧದ ಸಾಕ್ಷಿಯಾಗುತ್ತಿತ್ತು. ಆದ್ದರಿಂದ ಅದನ್ನು ಬಚ್ಚಿಟ್ಟು, ಯುದ್ಧ ಮುಗಿದ ಮೇಲೆ 1872ರಲ್ಲಿ ಗ್ರಂಥರೂಪದಲ್ಲಿ ಹೊರತಂದ. ಈ ವಿಷಯದಲ್ಲಿ ನಮಗಿರುವ ಅತ್ಯಂತ ವಿವರವಾದ ದಾಖಲೆ ಹೀಗೆ ಒಬ್ಬ ಕಪ್ಪು ಗುಮಾಸ್ತನ ಕೈಬರಹದಿಂದ ಬಂದದ್ದು.

ಆ ದಾಖಲೆಯನ್ನು ಓದುವವರಿಗೆ ಸಾಹಸಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಲೆಕ್ಕಾಚಾರ. ಬಂದವರಿಗೆ ಬೂಟು ಕೊಡಿಸಬೇಕು, ಹರಿದ ಬಟ್ಟೆ ಬದಲಿಸಬೇಕು, ಕಾಲು ಹುಣ್ಣಾದವರನ್ನು ವೈದ್ಯರಿಗೆ ತೋರಿಸಬೇಕು, ತಂಗಿದ ಮನೆಯವರಿಗೆ ಊಟವಸತಿಯ ದುಡ್ಡು ಕೊಡಬೇಕು, ರೈಲಿನ ಚೀಟಿ ಕೊಳ್ಳಬೇಕು. ಬಂದವನು ನಿಜವಾಗಿ ಓಡಿಬಂದವನೋ, ಒಡೆಯರು ಕಳುಹಿಸಿದ ಬೇಹುಗಾರನೋ, ದುಡ್ಡು ಕೀಳಲು ಬಂದ ಠಕ್ಕನೋ ಎಂದು ಪ್ರಶ್ನೆ ಹಾಕಿ ತಿಳಿಯಬೇಕು. ಸ್ಟಿಲ್‌ನ ಹೆಂಡತಿ ಲೆಟಿಷಿಯಾ ಉಡುಪು ಹೊಲಿಯುವ ಕಸುಬಿನವಳು; ಓಡಿಬಂದವರು ಎಷ್ಟೋ ಸಲ ತಂಗುತ್ತಿದ್ದುದು ಅವಳ ಮನೆಯಲ್ಲಿ, ಉಣ್ಣುತ್ತಿದ್ದುದು ಅವಳ ಅಡುಗೆಯನ್ನು. ಸಮಿತಿಗಳ ಹೆಸರುಪಟ್ಟಿಯಲ್ಲಿ ಗಂಡಸರೇ ಕಾಣುತ್ತಾರೆ. ಹೊಲಿಗೆ ಸಂಘ ಕಟ್ಟಿ, ಮೇಳ ನಡೆಸಿ, ತಿಂಡಿ ಮಾರಿ ಆ ಸಮಿತಿಗಳಿಗೆ ಹಣ ತುಂಬಿದವರಲ್ಲಿ ಹೆಂಗಸರೇ ಹೆಚ್ಚು.

ಇಡೀ ಕೇರಿ ಹೇಗೆ ಒಂದೇ ದೇಹದಂತೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ 1855ರ ಜುಲೈ 18ರ ಸಂಜೆಯ ಘಟನೆಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ನಿಕರಾಗುವಾ ದೇಶಕ್ಕೆ ಅಮೆರಿಕದ ರಾಯಭಾರಿಯಾಗಿದ್ದ ಜಾನ್ ವೀಲರ್ ತನ್ನ ಗುಲಾಮಳಾದ ಜೇನ್ ಜಾನ್ಸನ್ ಮತ್ತು ಅವಳ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಫಿಲಡೆಲ್ಫಿಯಾದ ಮೂಲಕ ಹೊರಟಿದ್ದ. ಹಡಗುಕಟ್ಟೆಯ ಬಳಿಯ ಹೋಟೆಲಿನಲ್ಲಿ ಆತ ಊಟಕ್ಕೆ ಕುಳಿತಾಗ, ಯಾರೊಡನೆಯೂ ಮಾತಾಡಕೂಡದೆಂಬ ಅವನ ಕಟ್ಟಪ್ಪಣೆಯನ್ನು ಮೀರಿ ಜೇನ್ ಅಲ್ಲಿನ ಕಪ್ಪು ಕೆಲಸಗಾರರಿಗೆ ತಾನು ಗುಲಾಮಳು, ಬಿಡುಗಡೆ ಬೇಕು ಎಂದು ಹೇಳಿದಳು. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಹುಡುಗ ಚೀಟಿ ಹಿಡಿದು ಸ್ಟಿಲ್‌ನ ಕಚೇರಿಗೆ ಓಡಿಬಂದ. ಸ್ಟಿಲ್, ಸಂಘದ ಬಿಳಿಯ ಸದಸ್ಯ ಪ್ಯಾಸ್‌ಮೋರ್ ವಿಲಿಯಮ್ಸನ್ನನಿಗೆ ಸುದ್ದಿ ಮುಟ್ಟಿಸಿ ಕಟ್ಟೆಗೆ ಧಾವಿಸಿದ. ದೋಣಿ ಹೊರಡಲು ಇನ್ನು ಕೆಲವೇ ನಿಮಿಷಗಳಿದ್ದವು. ಒಡೆಯನೇ ಈ ರಾಜ್ಯದೊಳಕ್ಕೆ ಕರೆತಂದಿರುವುದರಿಂದ ಪೆನ್ಸಿಲ್ವೇನಿಯಾದ ಕಾನೂನಿನ ಪ್ರಕಾರ ನೀನು ಈಗಲೇ ಸ್ವತಂತ್ರಳು, ಬರುವುದಾದರೆ ಎದ್ದು ಬಾ ಎಂದು ಅವಳಿಗೆ ತಿಳಿಸಿದರು. ಅವಳು ಎದ್ದಳು. ಅಡ್ಡಬಂದ ವೀಲರ್‌ನನ್ನು ಅಲ್ಲಿದ್ದ ಐವರು ಕಪ್ಪು ಹಮಾಲರು ಹಿಡಿದು ನಿಲ್ಲಿಸಿದರು. ತಾಯಿಮಕ್ಕಳನ್ನು ಕೂರಿಸಿಕೊಂಡ ಕುದುರೆಗಾಡಿ ಬೀದಿಗಳಲ್ಲಿ ಮರೆಯಾಯಿತು. ಪರಿಚಾರಕ, ಚೀಟಿಯ ಹುಡುಗ, ಗುಮಾಸ್ತ, ಹಮಾಲ: ಪೂರ್ವಸಿದ್ಧತೆಯಿಲ್ಲದೆ ಕ್ಷಣಾರ್ಧದಲ್ಲಿ ಕೈಗೆ ಕೈ ಸೇರಿತೆಂದರೆ ಅದು ಬಹಳ ಕಾಲದ ರೂಢಿಯಿಂದ ಮಾತ್ರ ಸಾಧ್ಯ.

ಇದರ ಮುಂದಿನ ಭಾಗವೂ ಮುಖ್ಯವೇ. ಫೆಡರಲ್ ನ್ಯಾಯಾಧೀಶನೊಬ್ಬ ವಿಲಿಯಮ್ಸನ್ನನನ್ನು ನ್ಯಾಯಾಂಗ ನಿಂದನೆಯ ಹೆಸರಿನಲ್ಲಿ ಸುಮಾರು ನೂರು ದಿನ ಸೆರೆಯಲ್ಲಿಟ್ಟ. ಪತ್ರಿಕೆಗಳೆಲ್ಲ ಆ ಸೆರೆಯ ಸುದ್ದಿಯನ್ನೇ ಹೊತ್ತು ಮೆರೆಸಿದವು. ಸ್ಟಿಲ್ ಮತ್ತು ಐವರು ಹಮಾಲರ ಮೇಲೂ ದೊಂಬಿಯ ಮೊಕದ್ದಮೆ ನಡೆಯಿತು. ಆಗ ಜೇನ್ ಜಾನ್ಸನ್, ಮತ್ತೆ ಹಿಡಿಯಲ್ಪಡುವ ಭಯವಿದ್ದರೂ, ಫಿಲಡೆಲ್ಫಿಯಾಕ್ಕೆ ಹಿಂತಿರುಗಿ ನ್ಯಾಯಾಲಯದಲ್ಲಿ ನಿಂತು ತನ್ನನ್ನು ಯಾರೂ ಎಳೆದೊಯ್ಯಲಿಲ್ಲ, ತಾನು ಸ್ವಇಚ್ಛೆಯಿಂದ ಹೊರಟೆ ಎಂದು ಸಾಕ್ಷಿ ನುಡಿದಳು. ಸ್ಟಿಲ್ ಖುಲಾಸೆಯಾದ. ಹಮಾಲರಲ್ಲಿ ಇಬ್ಬರಿಗೆ ಮಾತ್ರ ಹಲ್ಲೆಯ ಆರೋಪದ ಮೇಲೆ ಒಂದು ವಾರದ ಸಜೆಯಾಯಿತು.

ಗುಲಾಮಗಿರಿಯ ರಾಜ್ಯಗಳೊಳಗಿದ್ದ ಸ್ವತಂತ್ರರ ಕೆಲಸ ಇದಕ್ಕಿಂತ ಕಠಿಣವಾದದ್ದು, ಏಕೆಂದರೆ ಅಲ್ಲಿ ಕಾನೂನು ಪೂರ್ತಿಯಾಗಿ ಎದುರು ಪಕ್ಷದಲ್ಲಿತ್ತು. ಮುಂದೆ ಗುಲಾಮಗಿರಿ ವಿರೋಧಿ ನಾಯಕನಾಗಿ ಹೆಸರಾದ ಫ್ರೆಡರಿಕ್ ಡಗ್ಲಸ್ 1838ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರಿನಿಂದ ತಪ್ಪಿಸಿಕೊಂಡ ಕತೆ ಬಹಳ ಜನರಿಗೆ ಗೊತ್ತು. ಅದಕ್ಕೆ ಹಣ ಹೊಂದಿಸಿದವಳು ಆನಾ ಮರೆ ಎಂಬ ಸ್ವತಂತ್ರ ಕಪ್ಪು ಹೆಣ್ಣು, ಮನೆಗೆಲಸ ಮಾಡಿ ಉಳಿಸಿದ ದುಡ್ಡಿನ ಜೊತೆಗೆ ತನ್ನ ಗರಿಹಾಸಿಗೆಯನ್ನೂ ಮಾರಿದಳು. ಡಗ್ಲಸ್ ತೊಟ್ಟಿದ್ದು ನಾವಿಕನ ವೇಷ. ಜೇಬಿನಲ್ಲಿದ್ದುದು ಸ್ವತಂತ್ರ ಕಪ್ಪು ನಾವಿಕನೊಬ್ಬ ಎರವಲು ಕೊಟ್ಟ ಗುರುತಿನ ಪತ್ರ. ಪತ್ರದಲ್ಲಿ ಬರೆದಿದ್ದ ಚಹರೆಗೂ ಇವನ ಮುಖಕ್ಕೂ ತಾಳೆಯೇ ಇರಲಿಲ್ಲ. ರೈಲಿನ ಕಂಡಕ್ಟರ್ ಅದರ ಮೇಲಿದ್ದ ಅಮೆರಿಕದ ಹದ್ದಿನ ಮುದ್ರೆಯತ್ತ ಕಣ್ಣಾಡಿಸಿ ಮುಂದಕ್ಕೆ ಹೋದ. ಸಿಕ್ಕಿಬಿದ್ದಿದ್ದರೆ ಡಗ್ಲಸ್ ಹೇಗೂ ಹಿಂದಕ್ಕೆ ಹೋಗುತ್ತಿದ್ದ, ಅವನ ಜೊತೆ ಆ ನಾವಿಕನೂ ತನ್ನ ಸ್ವಾತಂತ್ರ್ಯದ ಏಕೈಕ ಪುರಾವೆಯನ್ನು ಕಳೆದುಕೊಂಡು ಜೈಲು ಸೇರಬೇಕಿತ್ತು. ನ್ಯೂಯಾರ್ಕಿನಲ್ಲಿ ದಿಕ್ಕುತೋಚದೆ ನಿಂತ ಡಗ್ಲಸ್‌ನನ್ನು ರಗಲ್ಸ್ ತನ್ನ ಮನೆಯಲ್ಲಿರಿಸಿಕೊಂಡ. ಆನಾ ಅಲ್ಲಿಗೇ ಬಂದಳು, ತಾನೂ ಗುಲಾಮಗಿರಿಯಿಂದ ಓಡಿಬಂದಿದ್ದ ಪಾದ್ರಿ ಜೇಮ್ಸ್ ಪೆನ್ನಿಂಗ್ಟನ್ ಅವರಿಬ್ಬರ ಮದುವೆ ಮಾಡಿಸಿದ. ಮುಂದೆ ನ್ಯೂ ಬೆಡ್‌ಫರ್ಡಿನಲ್ಲಿ ಅವರನ್ನು ಸ್ವಾಗತಿಸಿ, ‘ಡಗ್ಲಸ್’ ಎಂಬ ಹೊಸ ಮನೆತನದ ಹೆಸರನ್ನು ಸೂಚಿಸಿದವನು ನೇಥನ್ ಜಾನ್ಸನ್. ಅವನೂ ಕಪ್ಪು ಮನುಷ್ಯನೇ.

ಹ್ಯಾರಿಯಟ್ ಟಬ್ಮನ್ ಬಗ್ಗೆಯೂ ಇದೇ ಮಾತು. 1849ರಲ್ಲಿ ತಾನು ತಪ್ಪಿಸಿಕೊಂಡ ಮೇಲೆ ಸುಮಾರು ಹದಿಮೂರು ಸಲ ಮೇರಿಲ್ಯಾಂಡಿಗೆ ಮರಳಿ ಎಪ್ಪತ್ತರಷ್ಟು ಜನರನ್ನು ಕರೆತಂದ ಆಕೆಯ ಎದೆಗಾರಿಕೆ ಅಸಾಮಾನ್ಯವಾದದ್ದು. ಆದರೆ ಆಕೆ ಒಂಟಿಯಾಗಿ ಕತ್ತಲಲ್ಲಿ ನಡೆದವಳೆಂಬ ಚಿತ್ರ ತಪ್ಪು. 1856ರಲ್ಲಿ ಆಕೆ ಜೋ ಬೇಲಿ ಮತ್ತಿತರರನ್ನು ಕರೆದುಕೊಂಡು ಡೆಲವೇರಿನ ವಿಲ್ಮಿಂಗ್ಟನ್ನಿಗೆ ಬಂದಾಗ ಊರೊಳಗೆ ಹೋಗುವ ಸೇತುವೆಯ ಮೇಲೆ ಕಾವಲಿತ್ತು, ಬೇಲಿಯ ತಲೆಗೆ 1,500 ಡಾಲರ್ ಬಹುಮಾನ ಕಟ್ಟಿದ್ದರು. ಊರಿನ ಕ್ವೇಕರ್ ವರ್ತಕ ಥಾಮಸ್ ಗ್ಯಾರೆಟ್‌ನ ಸೂಚನೆಯ ಮೇರೆಗೆ ಇಟ್ಟಿಗೆ ಕೆಲಸದವರು ಗಾಡಿಗಳಲ್ಲಿ ಕುಳಿತು, ಎಲ್ಲೋ ದೂರ ಕೆಲಸಕ್ಕೆ ಹೊರಟವರಂತೆ ಬೆಳಗ್ಗೆ ಹಾಡುತ್ತ ಕೂಗುತ್ತ ಆ ಸೇತುವೆಯನ್ನು ದಾಟಿಹೋದರು. ರಾತ್ರಿ ಅದೇ ಸದ್ದುಗದ್ದಲದೊಂದಿಗೆ ಮರಳಿದಾಗ ಕಾವಲಿನವರಿಗೆ ಸಂಶಯವೇ ಬರಲಿಲ್ಲ. ಗಾಡಿಯ ತಳದಲ್ಲಿ ಓಡಿಬಂದವರು ಮಲಗಿದ್ದರು. ಗ್ಯಾರೆಟ್‌ನ ಹೆಸರು ಇಂದಿಗೂ ಪ್ರಸಿದ್ಧ, ಮತ್ತು ಅದಕ್ಕೆ ಆತ ಅರ್ಹನೇ. ಗಾಡಿ ಹೂಡಿದವರ ಹೆಸರು ಯಾರ ಬಾಯಲ್ಲೂ ಇಲ್ಲ.

ಪಶ್ಚಿಮದಲ್ಲಿ ಗುಲಾಮಗಿರಿಗೂ ಸ್ವಾತಂತ್ರ್ಯಕ್ಕೂ ನಡುವಿನ ಗಡಿ ಓಹಾಯೊ ನದಿ. ಅದರ ದಡದ ರಿಪ್ಲಿ ಎಂಬ ಊರಲ್ಲಿ ಗುಡ್ಡದ ಮೇಲಿದ್ದ ಪಾದ್ರಿ ಜಾನ್ ರ್‍ಯಾಂಕಿನ್ ಮನೆಯಲ್ಲಿ ಓಡಿಬರುವವರಿಗೆ ಗುರುತಾಗಿ ಉರಿಯುತ್ತಿದ್ದ ದೀಪವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ರಾತ್ರಿ ದೋಣಿ ಹಾಕಿ ಕೆಂಟಕಿಯ ದಡಕ್ಕೇ ಹೋಗಿ ಜನರನ್ನು ಕರೆತರುತ್ತಿದ್ದವನು ಜಾನ್ ಪಾರ್ಕರ್. ಎಂಟು ವರ್ಷದವನಿದ್ದಾಗ ತಾಯಿಯಿಂದ ಬೇರ್ಪಡಿಸಿ ಮಾರಲ್ಪಟ್ಟ ಈತ 1845ರಲ್ಲಿ 1,800 ಡಾಲರ್ ತೆತ್ತು ತನ್ನನ್ನು ತಾನು ಬಿಡಿಸಿಕೊಂಡ. ಆಮೇಲೆ ರಿಪ್ಲಿಯಲ್ಲಿ ಕಬ್ಬಿಣದ ಎರಕದ ಕಾರ್ಖಾನೆ ನಡೆಸಿ ತನ್ನ ಯಂತ್ರಗಳಿಗೆ ಪೇಟೆಂಟ್ ಪಡೆದ. ಹಗಲು ಕಾರ್ಖಾನೆ, ರಾತ್ರಿ ನದಿ. ಗಂಡಹೆಂಡಿರು ಓಡಿಹೋಗಬಾರದೆಂದು ಅವರ ಕೂಸನ್ನು ಒಡೆಯ ತನ್ನ ಹಾಸಿಗೆಯ ಕಾಲದೆಸೆಯಲ್ಲಿ ಮಲಗಿಸಿಕೊಳ್ಳುತ್ತಿದ್ದನೆಂದೂ, ತಾನು ಬರಿಗಾಲಲ್ಲಿ ಆ ಕೋಣೆಗೆ ನುಗ್ಗಿ ಕೂಸನ್ನು ಎತ್ತಿಕೊಂಡು ಬಂದೆನೆಂದೂ ಆತ ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ.

ಡೆಟ್ರಾಯಿಟಿನ ಹೆಂಗಸರದ್ದು ಇನ್ನೊಂದು ಬಗೆಯ ಜಾಣತನ. ಕೆಂಟಕಿಯಿಂದ ಓಡಿಬಂದು ಅಲ್ಲಿ ಎರಡು ವರ್ಷ ನೆಮ್ಮದಿಯಾಗಿದ್ದ ಥಾರ್ನ್‌ಟನ್ ಮತ್ತು ಲೂಸಿ ಬ್ಲ್ಯಾಕ್‌ಬರ್ನ್ ದಂಪತಿಯನ್ನು 1833ರ ಜೂನ್‌ನಲ್ಲಿ ಹಿಡಿದು ಜೈಲಿಗೆ ಹಾಕಿದರು. ಭಾನುವಾರ ಇಬ್ಬರು ಕಪ್ಪು ಹೆಂಗಸರು ಸೆರೆಮನೆಗೆ ಭೇಟಿಗೆಂದು ಹೋದರು. ಸಂಜೆ ಅಳುತ್ತ ಮುಖ ಮುಚ್ಚಿಕೊಂಡು ಇಬ್ಬರು ಹೊರಬಂದರು. ಮರುದಿನ ನೋಡಿದರೆ ಒಳಗಿದ್ದವಳು ಲೂಸಿಯಲ್ಲ, ಅವಳ ಬಟ್ಟೆ ತೊಟ್ಟ ಕ್ಯಾರೊಲಿನ್ ಫ್ರೆಂಚ್; ಲೂಸಿ ಅಷ್ಟರಲ್ಲಿ ನದಿ ದಾಟಿ ಕೆನಡಾ ಸೇರಿದ್ದಳು. ಅದೇ ದಿನ ಥಾರ್ನ್‌ಟನ್‌ನನ್ನು ಹಡಗಿಗೆ ಸಾಗಿಸುವ ಹೊತ್ತಿಗೆ ಜನ ಗುಂಪುಕಟ್ಟಿ ಷರೀಫನ ಮೇಲೆ ಬಿದ್ದು ಅವನನ್ನೂ ಬಿಡಿಸಿಕೊಂಡರು. ಗಂಡಹೆಂಡಿರು ಟೊರಾಂಟೊದಲ್ಲಿ ನೆಲೆಸಿ ಆ ನಗರದ ಮೊದಲ ಬಾಡಿಗೆ ಕುದುರೆಗಾಡಿ ವ್ಯವಹಾರವನ್ನು ಶುರುಮಾಡಿದರು. ಡೆಟ್ರಾಯಿಟಿನಲ್ಲಿ ಉಳಿದ ಕಪ್ಪು ಜನ ಮಾತ್ರ ಇದರ ಬೆಲೆ ತೆತ್ತರು; ಬಂಧನ, ಬೆದರಿಕೆಗಳಿಂದ ಎಷ್ಟೋ ಕುಟುಂಬಗಳು ಊರು ಬಿಡಬೇಕಾಯಿತು.

ಪಟ್ಟಣಗಳಲ್ಲಷ್ಟೇ ಅಲ್ಲ, ಹಳ್ಳಿಗಾಡಿನಲ್ಲೂ ಕಪ್ಪು ಜನರದೇ ಆದ ಪುಟ್ಟ ಊರುಗಳಿದ್ದವು. ನ್ಯೂಜೆರ್ಸಿಯ ಟಿಂಬಕ್ಟೂ ಅಂಥದ್ದೊಂದು. ಇಲಿನಾಯ್ಸ್‌ನ ನ್ಯೂ ಫಿಲಡೆಲ್ಫಿಯಾ ಎಂಬ ಊರಿಗೆ 1836ರಲ್ಲಿ ನಕ್ಷೆ ಹಾಕಿಸಿದ ಫ್ರಾಂಕ್ ಮೆಕ್‌ವರ್ಟರ್ ಗುಲಾಮನಾಗಿ ಹುಟ್ಟಿದವನು. ಮೊದಲು ಹೆಂಡತಿಯನ್ನು, ಆಮೇಲೆ ತನ್ನನ್ನು, ಅನಂತರ ಮಕ್ಕಳು ಮೊಮ್ಮಕ್ಕಳನ್ನು ಒಬ್ಬೊಬ್ಬರಾಗಿ ಹಣ ಕೊಟ್ಟು ಬಿಡಿಸಿದ. ಮೊದಲು ಹೆಂಡತಿಯನ್ನೇ ಬಿಡಿಸಿದ್ದಕ್ಕೆ ಕಾರಣವಿತ್ತು: ತಾಯಿ ಸ್ವತಂತ್ರಳಾದರೆ ಮುಂದೆ ಹುಟ್ಟುವ ಮಗು ಸ್ವತಂತ್ರ.

1850ರ ಸೆಪ್ಟೆಂಬರಿನಲ್ಲಿ ಓಡಿಹೋದ ಗುಲಾಮರ ಕಾಯಿದೆ ಬಂದ ಮೇಲೆ ಈ ಎಲ್ಲ ಕೇರಿಗಳ ಮೇಲೂ ಕತ್ತಿ ತೂಗಾಡತೊಡಗಿತು. ಹಿಡಿಯಲ್ಪಟ್ಟವನ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ, ಜ್ಯೂರಿಯಿಲ್ಲ. ವಿಚಾರಣೆ ನಡೆಸುವ ಕಮಿಷನರ್ ಅವನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಟ್ಟುಬಿಟ್ಟರೆ 5 ಡಾಲರ್. ನೆರವಾದವರಿಗೆ 1,000 ಡಾಲರ್ ತನಕ ದಂಡ, ಆರು ತಿಂಗಳವರೆಗೆ ಸಜೆ. ಸಾವಿರಾರು ಜನ ಕೆನಡಾದ ಹಾದಿ ಹಿಡಿದರು, ಉಳಿದವರು ಕೋವಿ ಹಿಡಿದರು. ಬಾಸ್ಟನ್ನಿನಲ್ಲಿ 1851ರ ಫೆಬ್ರವರಿ 15ರಂದು ಶಾಡ್ರಾಕ್ ಮಿಂಕಿನ್ಸ್ ಎಂಬ ಹೋಟೆಲ್ ಪರಿಚಾರಕನನ್ನು ಹಿಡಿದು ನ್ಯಾಯಾಲಯಕ್ಕೆ ತಂದಾಗ, ಬಟ್ಟೆ ಅಂಗಡಿಯ ಲೂಯಿಸ್ ಹೇಡನ್ ಮುಂದಾಳತ್ವದಲ್ಲಿ ಕಪ್ಪು ಗಂಡಸರು ಬಾಗಿಲು ದೂಡಿ ಒಳನುಗ್ಗಿ, ಅಕ್ಷರಶಃ ಅವನನ್ನು ಎತ್ತಿಕೊಂಡು ಹೊರಗೆ ನಡೆದರು. ಅದೇ ವರ್ಷದ ಸೆಪ್ಟೆಂಬರ್ 11ರ ನಸುಕಿನಲ್ಲಿ ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾ ಎಂಬಲ್ಲಿ ಮೇರಿಲ್ಯಾಂಡಿನ ಎಡ್ವರ್ಡ್ ಗೋರ್ಸಚ್ ತನ್ನಿಂದ ಓಡಿಹೋದವರನ್ನು ಹುಡುಕಿಕೊಂಡು ವಿಲಿಯಂ ಪಾರ್ಕರ್‌ನ ಮನೆಗೆ ಬಂದ. ಪಾರ್ಕರ್‌ನ ಹೆಂಡತಿ ಎಲೈಜಾ ಮಾಳಿಗೆಯ ಕಿಟಕಿಯಿಂದ ಕೊಂಬು ಊದಿದಳು. ಅದು ಸುತ್ತಲ ಕಪ್ಪು ರೈತರಿಗೂ ಕೂಲಿಗಳಿಗೂ ಗೊತ್ತಿದ್ದ ಸಂಕೇತ, ಕುಡುಗೋಲು ಕೋವಿಗಳನ್ನು ಹಿಡಿದು ಹತ್ತಾರು ಜನ ಓಡಿಬಂದರು. ಗೋರ್ಸಚ್ ಸತ್ತ. ಪಾರ್ಕರ್ ಡಗ್ಲಸ್‌ನ ನೆರವಿನಿಂದ ಕೆನಡಾ ಸೇರಿದ. ಸರ್ಕಾರ ಮೂವತ್ತಕ್ಕೂ ಹೆಚ್ಚು ಜನರ ಮೇಲೆ ದೇಶದ್ರೋಹದ ಆರೋಪ ಹೊರಿಸಿತು. ಮೊದಲನೆಯ ಆರೋಪಿಯನ್ನು ಜ್ಯೂರಿ ಸುಮಾರು ಕಾಲು ಗಂಟೆಯಲ್ಲಿ ಬಿಡುಗಡೆ ಮಾಡಿದಾಗ ಉಳಿದ ಮೊಕದ್ದಮೆಗಳೂ ನೆಲಕಚ್ಚಿದವು.

ಎಲ್ಲ ಪ್ರಯತ್ನಗಳೂ ಗೆಲ್ಲಲಿಲ್ಲ. 1854ರಲ್ಲಿ ಆಂಟನಿ ಬರ್ನ್ಸ್‌ನನ್ನು ಬಾಸ್ಟನ್ನಿನ ಬೀದಿಗಳಲ್ಲಿ ಸೈನಿಕರ ಸಾಲುಗಳ ನಡುವೆ ನಡೆಸಿಕೊಂಡು ಹೋಗಿ ಹಡಗು ಹತ್ತಿಸಿದರು. ಮರುವರ್ಷ ಅವನನ್ನು 1,300 ಡಾಲರ್‌ಗೆ ಕೊಂಡು ಬಿಡಿಸಿದವನು ಕಪ್ಪು ಪಾದ್ರಿ ಲೆನರ್ಡ್ ಗ್ರೈಮ್ಸ್. ಇಲ್ಲೊಂದು ಮಾತನ್ನು ಸೇರಿಸಬೇಕು. ಕೌದಿಯ ವಿನ್ಯಾಸಗಳಲ್ಲಿ ಗುಪ್ತ ನಕ್ಷೆ ಹೊಲಿದು ಬೇಲಿಯ ಮೇಲೆ ಹರವುತ್ತಿದ್ದರು, ಊರಿಂದೂರಿಗೆ ಸುರಂಗಗಳಿದ್ದವು ಎಂಬ ಕತೆಗಳು ಈಗ ಬಹಳ ಜನಪ್ರಿಯವಾಗಿವೆ. ಆ ಕಾಲದ ದಾಖಲೆಗಳಲ್ಲಿ ಇವಕ್ಕೆ ಆಧಾರವಿಲ್ಲ. ಊಟದ ಮನೆ, ಎರವಲು ಪತ್ರ, ಇಟ್ಟಿಗೆ ಗಾಡಿ ಇವುಗಳಿಗಿಂತ ಸುರಂಗ ರೋಚಕವೆನಿಸುವುದರಿಂದ ಅದು ಹಬ್ಬಿದೆ ಎಂದು ನನ್ನ ಊಹೆ.

ಅಪಾಯದ ಬಗ್ಗೆ ನೀವು ಕೇಳಿದ್ದಕ್ಕೆ ಸ್ಯಾಮ್ಯುಯೆಲ್ ಗ್ರೀನ್‌ನ ಪ್ರಕರಣವನ್ನೇ ಉತ್ತರವಾಗಿ ಕೊಡಬಹುದು. ಮೇರಿಲ್ಯಾಂಡಿನ ಡಾರ್ಚೆಸ್ಟರ್ ಕೌಂಟಿಯ ಈ ಸ್ವತಂತ್ರ ಪಾದ್ರಿ ಟಬ್ಮನ್‌ಗೂ ಇತರರಿಗೂ ಮನೆಯಲ್ಲಿ ಆಸರೆ ಕೊಡುತ್ತಿದ್ದ. 1857ರ ಮಾರ್ಚಿನಲ್ಲಿ ಎಂಟು ಜನ ಒಟ್ಟಿಗೆ ಅದೇ ಕೌಂಟಿಯಿಂದ ಹೊರಟರು. ದಾರಿಯಲ್ಲಿ ಅವರನ್ನು ನಡೆಸಿಕೊಂಡು ಹೋದ ಥಾಮಸ್ ಆಟ್ವೆಲ್ ಸ್ವತಂತ್ರ ಕಪ್ಪು ಮನುಷ್ಯ, ಟಬ್ಮನ್ ಸಹ ನಂಬಿದ್ದವನು. ಬಹುಮಾನದ ಆಸೆಗೆ ಬಿದ್ದು ಅವರನ್ನು ನೇರವಾಗಿ ಡೆಲವೇರಿನ ಡೋವರ್ ಪಟ್ಟಣದ ಜೈಲಿನೊಳಕ್ಕೇ ಕರೆದೊಯ್ದ. ಕಿಟಕಿಯ ಸರಳುಗಳನ್ನು ಕಂಡು ಮೋಸವನ್ನು ಅರಿತ ಅವರು ಷರೀಫನ ಖಾಸಗಿ ಕೋಣೆಗೆ ನುಗ್ಗಿ, ಒಲೆಯ ಕೆಂಡವನ್ನು ಎರಚಾಡಿ, ಕಿಟಕಿ ಒಡೆದು ಹಾರಿ ತಪ್ಪಿಸಿಕೊಂಡರು. ಸಂಶಯ ಗ್ರೀನ್‌ನ ಮೇಲೆ ತಿರುಗಿತು. ಅವನ ಮನೆಯನ್ನು ಜಾಲಾಡಿದಾಗ ಕೆನಡಾದ ಒಂದು ನಕ್ಷೆ, ರೈಲಿನ ವೇಳಾಪಟ್ಟಿ, ಮೂರು ವರ್ಷದ ಹಿಂದೆ ಕೆನಡಾಕ್ಕೆ ಓಡಿಹೋಗಿದ್ದ ಮಗನ ಕಾಗದ, ಜೊತೆಗೆ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ಪ್ರತಿ ಸಿಕ್ಕಿದವು. ಓಡಿಹೋದವರಿಗೆ ನೆರವಾದನೆಂದು ಸಾಬೀತುಪಡಿಸಲು ಆಗಲಿಲ್ಲ. ಗುಲಾಮಗಿರಿಯನ್ನು ವಿರೋಧಿಸುವ ಪುಸ್ತಕವನ್ನು ಇಟ್ಟುಕೊಂಡ ತಪ್ಪಿಗೆ ನ್ಯಾಯಾಲಯ ಅವನಿಗೆ ಹತ್ತು ವರ್ಷ ಸಜೆ ವಿಧಿಸಿತು. ಐದು ವರ್ಷ ಕಳೆದ ಮೇಲೆ 1862ರಲ್ಲಿ ರಾಜ್ಯಪಾಲ ಅವನನ್ನು ಬಿಡುಗಡೆ ಮಾಡಿದ್ದು ಒಂದು ಷರತ್ತಿನ ಮೇಲೆ: ಅವನು ಮೇರಿಲ್ಯಾಂಡ್ ಬಿಟ್ಟು ಹೋಗಬೇಕು.